ಬ್ಯಾಚ್‌ಗೆ ಬಂದ ಹೊಸಬರು ನಿಲ್ಲಬೇಕು ಅಂದರೆ

ಕೆಲಸ ಬಿಟ್ಟವರ ಫಾರಂನಲ್ಲಿ ‘ಕಾರಣ’ ಅಂತ ಒಂದು ಸಾಲು ಇರುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗೆ ವೆಲ್ಫೇರ್ ಆಫೀಸರ್ ಆಗಿ ಸೇರಿದ ಮೊದಲ ವರ್ಷ ಆ ಸಾಲುಗಳನ್ನೆಲ್ಲ ಕೂತು ಓದಿದೆ. ಮನೆ ಸಮಸ್ಯೆ. ಆರೋಗ್ಯ. ಮದುವೆ. ಮತ್ತೆ ಮನೆ ಸಮಸ್ಯೆ. ರಾಮನಗರ, ಚನ್ನಪಟ್ಟಣ, ಮದ್ದೂರಿನ ಕಡೆಯಿಂದ ಬಸ್ಸು ಹತ್ತಿ ಬರುವ ಹೆಣ್ಣುಮಕ್ಕಳಿಗೆಲ್ಲ ಕೆಲಸಕ್ಕೆ ಸೇರಿದ ಹತ್ತೇ ದಿನಕ್ಕೆ ಮನೆ ಸಮಸ್ಯೆ ಬರುತ್ತದಾ? ನನಗೆ ನಂಬಿಕೆ ಬರಲಿಲ್ಲ.

ಕನಕಪುರದ ಕಡೆಯ ಒಬ್ಬ ಹುಡುಗಿ ನಾಲ್ಕನೇ ದಿನಕ್ಕೇ ಬಿಟ್ಟಿದ್ದಳು. ಅವಳ ಫಾರಂನಲ್ಲೂ ಮನೆ ಸಮಸ್ಯೆ ಅಂತಲೇ ಇತ್ತು. ಎರಡು ವಾರ ಬಿಟ್ಟು ಒಂದು ಭಾನುವಾರ ಫೋನ್ ಮಾಡಿದೆ. ‘ಮನೇಲಿ ಎಲ್ಲ ಸರಿ ಹೋಯ್ತಾಮ್ಮ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಮನೇಲಿ ಏನೂ ಆಗಿರಲಿಲ್ಲ ಮೇಡಂ. ಬಾತ್‌ರೂಮ್‌ಗೆ ಹೋಗೋಕೆ ಟೋಕನ್ ತಗೋಬೇಕು ಅಂತ ನಂಗೆ ಯಾರೂ ಹೇಳಿರಲಿಲ್ಲ. ಹೋಗಿ ಬಂದಿದ್ದಕ್ಕೆ ಎಲ್ಲರ ಮುಂದೆ ಬೈದ್ರು. ಆಮೇಲೆ ಮೂರು ದಿನ ನಾನು ನೀರೇ ಕುಡೀಲಿಲ್ಲ.’

ನನಗೆ ಈ ಕೆಲಸದಲ್ಲಿ ಈಗ 14 ವರ್ಷ. ಕಲಿತದ್ದೆಲ್ಲ ಆ ಫೋನಿನಿಂದಲೇ ಶುರುವಾಯಿತು. ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದುವಾಗ ಮನಶ್ಶಾಸ್ತ್ರದ ಪಾಠ ಇತ್ತು. ಆದರೆ ಅದನ್ನು ಫ್ಲೋರ್‌ನಲ್ಲಿ, ಅಂದರೆ ಹೊಲಿಗೆ ಮಿಷನ್‌ಗಳ ನಡುವೆ, ಬಳಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಎಚ್‌ಆರ್ ಆಗಿರುವವರಿಗೆ, ಹೊಸದಾಗಿ ಸೂಪರ್‌ವೈಸರ್ ಆದವರಿಗೆ, 30 ಮಿಷನ್ ಇಟ್ಟುಕೊಂಡು ಸಣ್ಣ ಯೂನಿಟ್ ನಡೆಸುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಹೊಸಬರು ಯಾಕೆ ನಿಲ್ಲುವುದಿಲ್ಲ ಅಂತ ತಿಳಿದುಕೊಳ್ಳುವುದು, ನಿಲ್ಲುವ ಹಾಗೆ ಮಾಡುವುದು, ಇಷ್ಟೇ ವಿಷಯ.

ಮೊದಲು ರಿಜಿಸ್ಟರ್ ತೆಗೆಯಿರಿ

ಜನರನ್ನು ಕೇಳುವ ಮುಂಚೆ ಲೆಕ್ಕ ನೋಡಿ. ಹೋದ ಆರು ತಿಂಗಳಲ್ಲಿ ಬಿಟ್ಟವರ ಹೆಸರು ಬರೆದುಕೊಳ್ಳಿ. ಪಕ್ಕದಲ್ಲಿ ಮೂರೇ ಕಾಲಂ: ಯಾವ ಬ್ಯಾಚ್ (ಒಬ್ಬ ಸೂಪರ್‌ವೈಸರ್ ಕೆಳಗೆ ಒಟ್ಟಿಗೆ ಹೊಲಿಯುವ ತಂಡ), ಸೇರಿದ ಎಷ್ಟನೇ ದಿನಕ್ಕೆ ಬಿಟ್ಟರು, ಆಗ ಸೂಪರ್‌ವೈಸರ್ ಯಾರು. ಕಂಪ್ಯೂಟರ್ ಬೇಡ. ನೂರು ಪುಟದ ನೋಟ್‌ಬುಕ್ ಸಾಕು.

ಬರೆಯುತ್ತಾ ಹೋದ ಹಾಗೆ ‘ಈಗಿನ ಕಾಲದವರಿಗೆ ಕೆಲಸ ಮಾಡೋ ಮನಸ್ಸೇ ಇಲ್ಲ’ ಅನ್ನುವ ಮಾತು ಎಷ್ಟು ಪೊಳ್ಳು ಅಂತ ಕಾಣಿಸುತ್ತದೆ. ಒಂದೇ ಊರಿನ ಹುಡುಗಿಯರು, ಒಂದೇ ಬಸ್ಸಲ್ಲಿ ಬರುವವರು. ಒಂದು ಬ್ಯಾಚ್‌ನಲ್ಲಿ ವರ್ಷಗಟ್ಟಲೆ ಇರುತ್ತಾರೆ, ಪಕ್ಕದ ಬ್ಯಾಚ್‌ನಲ್ಲಿ ತಿಂಗಳೂ ನಿಲ್ಲುವುದಿಲ್ಲ. ಹಾಗಾದರೆ ತೊಂದರೆ ಹುಡುಗಿಯರ ಮನಸ್ಸಲ್ಲಿದೆಯಾ, ಬ್ಯಾಚ್‌ನಲ್ಲಿದೆಯಾ? ಒಬ್ಬರು ಎಡವಿದಾಗ ನಾವು ಅವರ ಗುಣವನ್ನು ದೂರುತ್ತೇವೆ, ದಾರಿಯಲ್ಲಿದ್ದ ಕಲ್ಲನ್ನು ನೋಡುವುದಿಲ್ಲ. ಲೀ ರಾಸ್ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲಿ ಈ ಅಭ್ಯಾಸಕ್ಕೆ ಒಂದು ಹೆಸರೇ ಇಟ್ಟರು. ಇದು ನಿಮಗೂ ಇದೆ, ನನಗೂ ಇದೆ. ಇದಕ್ಕೆ ರಿಜಿಸ್ಟರೇ ಮದ್ದು.

ನಮ್ಮಲ್ಲಿ ಎರಡು ಕಡೆ ಜನ ಗುಂಪಾಗಿ ಬಿಟ್ಟಿದ್ದರು. ಮೊದಲ ವಾರದಲ್ಲಿ ಒಂದು ಗುಂಪು, ಮೊದಲ ಸಂಬಳ ಆದ ಮೇಲೆ ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮಾಡಬೇಕಾದ್ದೂ ಬೇರೆ. ನಿಮ್ಮಲ್ಲಿ ಗೌರಿ ಹಬ್ಬದ ಮುಂಚೆ ಇರಬಹುದು, ಶಾಲೆ ಶುರುವಾಗುವ ಜೂನ್‌ನಲ್ಲಿ ಇರಬಹುದು. ನಿಮ್ಮ ರಿಜಿಸ್ಟರ್ ಹೇಳಿದ್ದನ್ನು ನಂಬಿ.

ಕೇಳುವುದು ಹೇಗೆ

ಆಫೀಸ್ ರೂಮಿಗೆ ಕರೆದು ಕೇಳಬೇಡಿ. ಫ್ಲೋರ್‌ನಿಂದ ಒಬ್ಬಳನ್ನು ಆಫೀಸಿಗೆ ಕರೆದರೆ ನೂರು ಕಣ್ಣು ಅವಳ ಹಿಂದೆ ಬರುತ್ತವೆ. ಸೂಪರ್‌ವೈಸರ್ ಕಾಣುವ ಕಡೆಯಂತೂ ಬೇಡವೇ ಬೇಡ. ನಾನು ಊಟದ ಹಾಲ್‌ನಲ್ಲಿ ನನ್ನ ಡಬ್ಬಿ ತೆಗೆದುಕೊಂಡು ಹೋಗಿ ಕೂರುತ್ತೇನೆ. ಮೊದಲ ಎರಡು ವಾರ ಏನೂ ಕೇಳುವುದಿಲ್ಲ. ಸುಮ್ನೆ ಊಟ ಮಾಡುತ್ತೇನೆ. ಮೂರನೇ ವಾರಕ್ಕೆ ಅವರೇ ಮಾತಾಡುತ್ತಾರೆ.

‘ಯಾಕೆ?’ ಅಂತ ಕೇಳಿದರೆ ಜನ ಸಮರ್ಥನೆ ಕೊಡುತ್ತಾರೆ, ವಿಷಯ ಹೇಳುವುದಿಲ್ಲ. ‘ಯಾಕೆ ಬಿಟ್ಟೆ?’ ಅನ್ನುವುದು ಬೈದ ಹಾಗೆಯೇ ಕೇಳಿಸುತ್ತದೆ. ಅದರ ಬದಲು ಒಂದು ದಿನದ ಬಗ್ಗೆ ಕೇಳಿ, ಒಂದು ಹೊತ್ತಿನ ಬಗ್ಗೆ ಕೇಳಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಪ್ರಶ್ನೆ ಇದು: ‘ಮೊದಲನೇ ದಿನ ಮಧ್ಯಾಹ್ನ ಯಾರ ಜೊತೆ ಊಟ ಮಾಡಿದೆ?’ ಇದಕ್ಕೆ ‘ಒಬ್ಬಳೇ’ ಅಂತ ಉತ್ತರ ಬಂದರೆ ಆ ಹುಡುಗಿಯ ಬಗ್ಗೆ ನಾನು ಎಚ್ಚರ ವಹಿಸುತ್ತೇನೆ. ಇನ್ನು ಎರಡು ಪ್ರಶ್ನೆ: ‘ಇವತ್ತು ಮಿಷನ್ ಬಿಟ್ಟು ಎದ್ದು ಹೋಗೋಣ ಅಂತ ಯಾವಾಗ ಅನ್ನಿಸ್ತು?’, ‘ಬಿಡಬೇಕು ಅಂತ ಮೊದಲು ಯಾರ ಹತ್ರ ಹೇಳಿದೆ?’ ಕೊನೆಯದ್ದು ಬಹಳ ಮುಖ್ಯ. ಬಿಡುವ ಮಾತು ಬಸ್ಸಿನಲ್ಲಿ ಗೆಳತಿಗೆ ಹೇಳಿರುತ್ತಾರೆ, ಎಚ್‌ಆರ್‌ಗೆ ಅಲ್ಲ.

ಬಿಟ್ಟು ಹೋದವರಿಗೆ ಫೋನ್ ಮಾಡುವುದಾದರೆ ಸೆಟ್ಲ್‌ಮೆಂಟ್ ಹಣ ಕೈಸೇರಿದ ಮೇಲೆ ಮಾಡಿ. ಬಾಕಿ ಇನ್ನೂ ಕಾರ್ಖಾನೆಯ ಕೈಲಿರುವಾಗ ಯಾರು ನಿಜ ಹೇಳುತ್ತಾರೆ? ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರು ಇದ್ದರೆ ಅವರ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ. ಆದರೆ ಹಾಸ್ಟೆಲ್ ವಾರ್ಡನ್ನನ್ನು ಕೂರಿಸಿಕೊಳ್ಳಬೇಡಿ.

ಹೇಳಿದವರ ಹೆಸರು ನೋಟ್‌ಬುಕ್‌ನಲ್ಲಿ ಬರೆಯಬೇಡಿ. ನಾನು ಒಮ್ಮೆ ಈ ತಪ್ಪು ಮಾಡಿದೆ. ಪ್ರೊಡಕ್ಷನ್ ಮ್ಯಾನೇಜರ್ ಪುಸ್ತಕ ಕೇಳಿದರು, ಕೊಟ್ಟುಬಿಟ್ಟೆ. ಮಾರನೇ ದಿನ ಇಬ್ಬರು ಟೈಲರ್‌ಗಳನ್ನು ಬೇರೆ ಬ್ಯಾಚ್‌ಗೆ ಹಾಕಿದರು. ಒಂದು ವರ್ಷ ಯಾರೂ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಆ ಇಬ್ಬರ ಹತ್ತಿರ ಕ್ಷಮೆ ಕೇಳಿದೆ. ಈಗಲೂ ಅದು ನನ್ನನ್ನು ಕಾಡುತ್ತದೆ.

ಮೊದಲ ಸಂಬಳದ ವಾರ

ಗೇಟ್ ಹತ್ತಿರ ಆಳು ಹಿಡಿಯುವಾಗ ಒಂದು ಮೊತ್ತ ಹೇಳುತ್ತಾರೆ. ತಿಂಗಳ ಕೊನೆಗೆ ಕೈಗೆ ಬರುವುದು ಬೇರೆ. ಪಿಎಫ್‌ಗೆ 12 ಪರ್ಸೆಂಟ್, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 0.75 ಪರ್ಸೆಂಟ್ ಕಟ್ ಆಗಿರುತ್ತದೆ. ತಿಂಗಳ ಮಧ್ಯದಲ್ಲಿ ಸೇರಿದ್ದರೆ ಅಷ್ಟು ದಿನದ್ದೂ ಇರುವುದಿಲ್ಲ. ಕಾನೂನಿನ ಪ್ರಕಾರ ಎಲ್ಲ ಸರಿಯೇ. ಆದರೆ ಗೇಟ್ ಹತ್ತಿರ ಕೇಳಿದ ಮೊತ್ತವನ್ನೇ ನಂಬಿ ಆ ಹುಡುಗಿ ಚೀಟಿಗೆ ಸೇರಿರುತ್ತಾಳೆ, ತಮ್ಮನ ಫೀಸಿಗೆ ಮಾತು ಕೊಟ್ಟಿರುತ್ತಾಳೆ. ಅವಳ ಲೆಕ್ಕದಲ್ಲಿ ಇದು ಮೋಸ.

1970ರ ದಶಕದಲ್ಲಿ ಜಾನ್ ವಾನಸ್ ಅನ್ನುವವರು ಅಮೆರಿಕದ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಬಂದವರ ಮೇಲೆ ಇದನ್ನು ಪರೀಕ್ಷಿಸಿದ್ದರು. ಕೆಲವರಿಗೆ ಕೆಲಸದ ಒಳ್ಳೆಯದನ್ನಷ್ಟೇ ತೋರಿಸುವುದು, ಕೆಲವರಿಗೆ ಕಷ್ಟವನ್ನೂ ತೋರಿಸುವುದು. ಕಷ್ಟ ಮೊದಲೇ ತಿಳಿದು ಬಂದವರ ನಿರೀಕ್ಷೆ ನಿಜಕ್ಕೆ ಹತ್ತಿರ ಇತ್ತು, ಬಿಡುವ ಯೋಚನೆಯೂ ಅವರಿಗೆ ಕಡಿಮೆ ಬಂತು.

ನಾವು ಮಾಡುವುದು ಸರಳ. ಸೇರುವ ಮುಂಚೆಯೇ ಒಂದು ನಿಜವಾದ ಪೇ ಸ್ಲಿಪ್ ತೋರಿಸುತ್ತೇವೆ, ಹೆಸರಿನ ಮೇಲೆ ಕಾಗದ ಅಂಟಿಸಿ. ‘ಇದು ಹೇಳೋ ಸಂಬಳ, ಇದು ಕಟ್ ಆಗೋದು, ಇದು ನಿನ್ನ ಕೈಗೆ ಬರೋದು’ ಅಂತ ಬೆರಳಿಟ್ಟು ತೋರಿಸುವುದು. ಪಿಎಫ್ ಅಂದರೆ ನಿನ್ನದೇ ಹಣ, ಕಂಪನಿಯೂ ಅದಕ್ಕೆ ಹಾಕುತ್ತದೆ ಅಂತ ಹೇಳುವುದು. ಆಮೇಲೆ ಫ್ಲೋರ್‌ಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ನಿಲ್ಲಿಸುತ್ತೇವೆ. ಸೆಖೆ, ದೂಳು, ಮಿಷನ್ ಸದ್ದು, ಗಂಟೆಗೊಮ್ಮೆ ಬೋರ್ಡ್ ಮೇಲೆ ಬರೆಯುವ ಟಾರ್ಗೆಟ್, ಎಲ್ಲ ಕಾಣಲಿ. ಬೇಡ ಅಂತ ಕೆಲವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಹೋಗಲಿ ಬಿಡಿ. ಒಪ್ಪಿ ಬಂದವರಿಗೆ ತಿಂಗಳ ಕೊನೆಗೆ ಎದೆ ಒಡೆಯುವುದಿಲ್ಲ.

ಪಿಎಫ್ ಹಣವನ್ನು ಹಗುರವಾಗಿ ಕಾಣಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದದ್ದು ಇದಕ್ಕೇ. ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ನಿಯಮ ಬದಲಾಗಿತ್ತು. ಕೊನೆಗೆ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಆ ಹಣದ ಮೇಲೆ ಮಗಳ ಮದುವೆ, ಮನೆಯ ತಾರಸಿ, ಅಮ್ಮನ ಆಪರೇಷನ್ ನಿಂತಿರುತ್ತದೆ. ಅವರನ್ನು ಒಂದು ಮಾತು ಕೇಳದೆ ಅದನ್ನು ಮುಟ್ಟಿದರೆ ಸುಮ್ಮನಿರುತ್ತಾರಾ?

ಮೊದಲ ವಾರ

ಇದಕ್ಕೆ ಖರ್ಚೇ ಇಲ್ಲ. ಹೊಸಬಳಿಗೆ ಒಬ್ಬ ಅಕ್ಕನನ್ನು ಜೊತೆ ಮಾಡಿ. ಅವಳ ಊರಿನ ಕಡೆಯವಳಾದರೆ ಒಳ್ಳೆಯದು, ಪಕ್ಕದ ಮಿಷನ್‌ನವಳಾದರೆ ಇನ್ನೂ ಒಳ್ಳೆಯದು. ಬಾತ್‌ರೂಮ್ ಎಲ್ಲಿದೆ, ಟೋಕನ್ ಎಲ್ಲಿ, ನೀರು ಎಲ್ಲಿ, ಸೂಜಿ ಮುರಿದರೆ ಯಾರಿಗೆ ಹೇಳಬೇಕು, ಹುಷಾರಿಲ್ಲ ಅಂದರೆ ಯಾವ ನಂಬರ್‌ಗೆ ಫೋನ್ ಮಾಡಬೇಕು, ಮಧ್ಯಾಹ್ನ ಯಾರ ಜೊತೆ ಕೂರಬೇಕು. ಈ ಆರು ವಿಷಯ ಮೊದಲ ದಿನ ಹತ್ತು ಗಂಟೆಯೊಳಗೆ ಗೊತ್ತಾಗಬೇಕು. ಜೊತೆ ಮಾಡಿದ ಅಕ್ಕನಿಗೆ ಆ ವಾರ ಟಾರ್ಗೆಟ್ ಸ್ವಲ್ಪ ಇಳಿಸಿ. ಇಳಿಸದೆ ಹೊಸಬಳನ್ನು ಅವಳ ತಲೆಗೆ ಕಟ್ಟಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ಸ್ಟೈಲ್ ಬದಲಾದಾಗ

ಹಳಬರೂ ಬಿಡುವ ಒಂದು ಸಮಯ ಇದೆ. ಹೊಸ ಸ್ಟೈಲ್ ಲೋಡ್ ಆದಾಗ, ಅಂದರೆ ಬೇರೆ ಮಾದರಿಯ ಬಟ್ಟೆ ಹೊಲಿಯಲು ಬಂದಾಗ, ಕೈಗೆ ಕೂತ ಆಪರೇಷನ್ (ಕಾಲರ್, ಪಾಕೆಟ್ ಅಂತ ಒಬ್ಬೊಬ್ಬರ ಪಾಲಿನ ಹೊಲಿಗೆ) ಬಿಟ್ಟು ಬೇರೆ ಮಿಷನ್‌ಗೆ ಹೋಗು ಅಂದಾಗ. ನಿನ್ನೆಯವರೆಗೆ ಗಂಟೆಗೆ ಎಷ್ಟು ಕಾಲರ್ ಬೇಕಾದರೂ ತೆಗೆಯುತ್ತಿದ್ದವಳು ಇವತ್ತು ಕಲಿಯುವವಳ ಹಾಗೆ ತಡವರಿಸುತ್ತಾಳೆ. ಜೊತೆಗೆ ಬೈಗುಳ ಬೇರೆ.

ಇದಕ್ಕೆ ನನಗೆ ದಾರಿ ತೋರಿಸಿದ್ದು ಒಂದು ಹಳೆಯ ಪ್ರಯೋಗ. ಅದೂ ಗಾರ್ಮೆಂಟ್ಸ್‌ನದ್ದೇ. ಅಮೆರಿಕದ ವರ್ಜೀನಿಯಾದ ಮರಿಯನ್ ಅನ್ನುವ ಊರಲ್ಲಿ ಹಾರ್ವುಡ್ ಅಂತ ಪೈಜಾಮ ಕಾರ್ಖಾನೆ ಇತ್ತು. ಕೆಲಸದವರಲ್ಲಿ ಹೆಚ್ಚಿನವರು ಬೆಟ್ಟದ ಕಡೆಯ ಹಳ್ಳಿಗಳಿಂದ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ನಮ್ಮ ಥರವೇ ಗಂಟೆಗೆ ಇಷ್ಟು ಪೀಸ್ ಅನ್ನುವ ಲೆಕ್ಕ, ನಮ್ಮ ಥರವೇ ಕೆಲಸ ಬದಲಾದಾಗ ಬಿಡುವವರು ಜಾಸ್ತಿ. ಕರ್ಟ್ ಲೆವಿನ್ ಅನ್ನುವ ದೊಡ್ಡ ಮನಶ್ಶಾಸ್ತ್ರಜ್ಞ ಅಲ್ಲಿಗೆ ಬಂದು ಹೋಗುತ್ತಿದ್ದರು. ಅವರ ದಾರಿಯಲ್ಲೇ ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಒಂದು ಪ್ರಯೋಗ ಮಾಡಿ 1948ರಲ್ಲಿ ಬರೆದರು.

ಕೆಲಸದ ರೀತಿ ಸ್ವಲ್ಪ ಬದಲಾಗಬೇಕಿತ್ತು. ಒಂದು ಗುಂಪನ್ನು ಕರೆದು ‘ನಾಳೆಯಿಂದ ಹೀಗೆ’ ಅಂತ ಹೇಳಿದರು, ಅಷ್ಟೇ. ಇನ್ನೊಂದು ಗುಂಪು ತನ್ನಲ್ಲೇ ಕೆಲವರನ್ನು ಆರಿಸಿ ಕಳಿಸಿತು, ಅವರು ಕೂತು ಹೊಸ ರೀತಿಯನ್ನು ಮಾಡಿಕೊಂಡರು. ಮತ್ತೆರಡು ಸಣ್ಣ ಗುಂಪುಗಳಲ್ಲಿ ಎಲ್ಲರೂ ಕೂತರು. ಸುಮ್ನೆ ಹೇಳಿಸಿಕೊಂಡ ಗುಂಪಿನಲ್ಲಿ ಕೆಲಸ ಬಿದ್ದುಹೋಯಿತು, ಮೇಲೇಳಲೇ ಇಲ್ಲ. ಮೊದಲ 40 ದಿನದಲ್ಲಿ 17 ಪರ್ಸೆಂಟ್ ಜನ ಬಿಟ್ಟರು. ಉಳಿದ ಮೂರು ಗುಂಪಿನಲ್ಲಿ ಒಬ್ಬರೂ ಬಿಡಲಿಲ್ಲ. ಎಲ್ಲರೂ ಕೂತ ಗುಂಪುಗಳು ಮುಂಚಿನದಕ್ಕಿಂತ ಸುಮಾರು 14 ಪರ್ಸೆಂಟ್ ಜಾಸ್ತಿ ಕೆಲಸ ತೆಗೆದವು. ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಆಮೇಲಿನ ಮಾತು. ಬಿದ್ದುಹೋದ ಗುಂಪಿನಲ್ಲಿ ಉಳಿದಿದ್ದ 13 ಜನರನ್ನು ಎರಡೂವರೆ ತಿಂಗಳ ನಂತರ ಮತ್ತೆ ಸೇರಿಸಿ, ಬೇರೆ ಕೆಲಸಕ್ಕೆ ಹಾಕುವಾಗ ಅವರನ್ನೂ ಕೂರಿಸಿ ಕೇಳಿದರು. ಈ ಸಲ ಅವರೂ ಬೇಗ ಮೇಲೆ ಬಂದರು. ಜನ ಅವರೇ. ಬದಲಾದದ್ದು ಕೇಳಿದ ರೀತಿ.

ನೀವೂ ಇದನ್ನು ಮಾಡಬಹುದು. ಸ್ಟೈಲ್ ಲೋಡ್ ಆಗುವ ಹಿಂದಿನ ದಿನ ಸಂಜೆ 15 ನಿಮಿಷ ಮಿಷನ್ ನಿಲ್ಲಿಸಿ. ಸ್ಯಾಂಪಲ್ ಪೀಸ್ ಕೈಯಿಂದ ಕೈಗೆ ಹೋಗಲಿ. ಎರಡೇ ಪ್ರಶ್ನೆ: ‘ಇದರಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?’, ‘ಯಾರಿಗೆ ಯಾವ ಆಪರೇಷನ್ ಕೊಟ್ಟರೆ ಸುಲಭ?’ ಮೊದಲ ಸಲ ಯಾರೂ ಮಾತಾಡುವುದಿಲ್ಲ. ಗಾಬರಿ ಬೇಡ. ನಮ್ಮಲ್ಲಿ ಮೂರನೇ ಸ್ಟೈಲ್‌ಗೆ ಒಬ್ಬ ಹಿರಿಯ ಟೈಲರಮ್ಮ ಬಾಯಿ ಬಿಟ್ಟರು: ‘ಪಾಕೆಟ್ ಫ್ಲಾಪ್‌ಗೆ ಗುರುತು ಹಾಕೋದು ಹೆಲ್ಪರ್ ಕೈಲಿ ಮಾಡಿಸಿ ಸರ್, ನನ್ನ ಕೈ ನಿಲ್ಲಲ್ಲ.’ ಅವತ್ತೇ ಹಾಗೆ ಮಾಡಿದರು. ಮುಂದಿನ ಸಲ ಆರು ಜನ ಮಾತಾಡಿದರು. ಕೇಳಿಬಿಟ್ಟು ಒಂದನ್ನೂ ಮಾಡದಿದ್ದರೆ ಮಾತ್ರ ಕೇಳದೇ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ.

ಸೂಪರ್‌ವೈಸರ್ ಮಾತು

ಸೂಪರ್‌ವೈಸರ್‌ಗಳನ್ನು ವಿಲನ್ ಮಾಡಬೇಡಿ. ಗಂಟೆಗೊಮ್ಮೆ ಮೇಲಿನವರು ಅವರನ್ನು ಬೋರ್ಡ್ ಮುಂದೆ ನಿಲ್ಲಿಸುತ್ತಾರೆ. ಮೇಲಿಂದ ಬಿದ್ದದ್ದನ್ನೇ ಅವರು ಕೆಳಗೆ ಹಾಕುತ್ತಾರೆ. ಹಾಗಾಗಿ ‘ಬೈಬೇಡಿ’ ಅಂತ ಹೇಳಿದರೆ ಪ್ರಯೋಜನ ಇಲ್ಲ. ಬೈಗುಳದ ಜಾಗದಲ್ಲಿ ಏನು ಹೇಳಬೇಕು ಅಂತ ಕೊಡಬೇಕು, ಬಾಯಲ್ಲಿ ಹೇಳಿಸಿ ಅಭ್ಯಾಸ ಮಾಡಿಸಬೇಕು. ವಾರಕ್ಕೊಮ್ಮೆ, ಶಿಫ್ಟ್ ಶುರುವಾಗುವ ಮುಂಚೆ 20 ನಿಮಿಷ. ಒಬ್ಬರು ಟೈಲರ್ ಆಗುತ್ತಾರೆ, ಒಬ್ಬರು ಸೂಪರ್‌ವೈಸರ್. ‘ಕಣ್ಣು ಕಾಣಲ್ವಾ ನಿಂಗೆ?’ ಅನ್ನುವ ಕಡೆ, ‘ಇಲ್ಲಿ ಹೊಲಿಗೆ ಜಾರಿದೆ ನೋಡಮ್ಮ. ಬಟ್ಟೆ ಎಳೀತಿದ್ದೀಯಾ, ಇಲ್ಲಾ ಮಿಷನ್ ತೊಂದರೇನಾ?’ ಪೀಸ್ ಬಗ್ಗೆ ಮಾತಾಡಬೇಕು, ಅವಳ ಬಗ್ಗೆ ಅಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಬೇಕು. ಪೀಸ್ ಎಸೆಯಬಾರದು. ಚೆನ್ನಾಗಿ ಮಾಡಿದ್ದನ್ನು ಮಾತ್ರ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಲಿ.

ಇದರಲ್ಲಿ ಕ್ವಾಲಿಟಿಯ ಲಾಭವೂ ಇದೆ, ಮ್ಯಾನೇಜರ್‌ಗಳಿಗೆ ಹೀಗೆ ಹೇಳಿದರೆ ಬೇಗ ಅರ್ಥ ಆಗುತ್ತದೆ. ಬೈಯುವ ಬ್ಯಾಚ್‌ನಲ್ಲಿ ಕೆಟ್ಟ ಪೀಸ್‌ಗಳು ಬಂಡಲ್ ಅಡಿಗೆ ಹೋಗಿ ಸೇರುತ್ತವೆ, ಸಂಜೆ ಚೆಕಿಂಗ್‌ನಲ್ಲಿ ಒಟ್ಟಿಗೆ ಹೊರಬರುತ್ತವೆ. ಏಮಿ ಎಡ್ಮಂಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದಾಗ, ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ ಇತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ಆದ್ದರಿಂದ ಒಂದು ಬ್ಯಾಚ್‌ನಲ್ಲಿ ಬೆಳಗ್ಗೆ ಹನ್ನೊಂದಕ್ಕೇ ಆಲ್ಟರೇಷನ್ (ತಿದ್ದಬೇಕಾದ ಪೀಸ್) ಜಾಸ್ತಿ ಕಂಡರೆ ಹೆದರಬೇಡಿ. ಅಲ್ಲಿ ಜನ ಬಾಯಿ ಬಿಡುತ್ತಿರಬಹುದು.

ಸೂಪರ್‌ವೈಸರ್ ಆರಿಸುವಾಗ ಎಲ್ಲರಿಗಿಂತ ಜೋರಾಗಿ ಹೊಲಿಯುವವರನ್ನೇ ಆರಿಸುವ ರೂಢಿ ಬಿಡಿ. ಹೊಲಿಯುವ ಕೈ ಬೇರೆ, ಜನರನ್ನು ನೋಡಿಕೊಳ್ಳುವುದು ಬೇರೆ. ಎಲ್ಲ ಅಭ್ಯರ್ಥಿಗಳಿಗೂ ಅದೇ ಐದು ಪ್ರಶ್ನೆ ಕೇಳಿ, ಪ್ರತಿ ಉತ್ತರಕ್ಕೆ ಆಗಲೇ ಅಂಕ ಬರೆಯಿರಿ. ಆಮೇಲೆ ಒಬ್ಬ ಟೈಲರ್ ಅಳುತ್ತಾ ಬಂದ ಹಾಗೆ ಸನ್ನಿವೇಶ ಮಾಡಿ, ಅವರು ಏನು ಮಾಡುತ್ತಾರೆ ನೋಡಿ. ಆನ್‌ಲೈನ್‌ನಲ್ಲಿ ಸಿಗುವ ಸ್ವಭಾವ ಪರೀಕ್ಷೆಗಳನ್ನು ನಾನು ಈ ಕೆಲಸಕ್ಕೆ ಬಳಸುವುದಿಲ್ಲ.

ವಾಪಸ್ ಹೋಗಿ ಹೇಳುವುದು

ಸಲಹಾ ಪೆಟ್ಟಿಗೆ ಇಡಬೇಡಿ. ಅದರ ಮೇಲೆ ಕ್ಯಾಮೆರಾ ಇರುತ್ತದೆ, ಒಳಗೆ ದೂಳು ಇರುತ್ತದೆ. ಊಟದ ಹಾಲ್‌ನಲ್ಲಿ ಒಂದು ಬೋರ್ಡ್ ಹಾಕಿ: ‘ನೀವು ಹೇಳಿದ್ದು’, ‘ಆಗಿದ್ದು’, ‘ಆಗಿಲ್ಲ, ಯಾಕೆಂದರೆ’. ಮೂರನೇ ಕಾಲಂ ಬರೆಯಲು ಧೈರ್ಯ ಬೇಕು. ಸಂಜೆ ಬಸ್ಸು ಹತ್ತು ನಿಮಿಷ ತಡವಾಗಿ ಹೊರಡಲಿ ಅಂತ ಹೆಣ್ಣುಮಕ್ಕಳು ಕೇಳಿದ್ದರು, ಮಳೆಗಾಲದಲ್ಲಿ ಗೇಟ್ ಚೆಕಿಂಗ್‌ನ ಸಾಲಲ್ಲೇ ಬಸ್ಸು ತಪ್ಪುತ್ತಿತ್ತು. ನಾಲ್ಕು ತಿಂಗಳು ಅದು ಮೂರನೇ ಕಾಲಂನಲ್ಲೇ ಇತ್ತು. ಪ್ರತಿ ಸೋಮವಾರ ಅಲ್ಲಿ ಏನಾಯಿತು ಅಂತ ಹೊಸ ಸಾಲು ಬರೆದೆ. ಐದನೇ ತಿಂಗಳು ಎರಡನೇ ಕಾಲಂಗೆ ಬಂತು.

ನಮ್ಮ ಕೈ ಮೀರಿದ್ದು

ಮಾತಾಡುತ್ತಾ ಯಾರಾದರೂ ಲೈಂಗಿಕ ಕಿರುಕುಳದ ವಿಷಯ ಹೇಳಿದರೆ ಅದನ್ನು ಸಮಾಧಾನ ಮಾಡಿ ಮುಗಿಸಬೇಡಿ. 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಬೇಕು, ಘಟನೆ ಆದ 3 ತಿಂಗಳೊಳಗೆ ದೂರನ್ನು ಬರೆದು ಕೊಡಬೇಕು. ಬರೆಯಲು ಬಾರದವರಿಗೆ ಬರೆಯಲು ನೆರವು ಕೊಡುವುದು ಸಮಿತಿಯ ಕರ್ತವ್ಯ. ಬದುಕೇ ಬೇಡ ಅನ್ನುವ ಮಾತು ಬಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪಕ್ಕದಲ್ಲೇ ಕೂತು ಫೋನ್ ಮಾಡಿಸಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ.

ಕೈ ಮೀರಿದ ಇನ್ನೊಂದು ವಿಷಯ ಸಂಬಳ. ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದ್ದಾರೆ. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆ ಆದಾಗ, ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವರಿಗೆ ಹೆಸರು ಹೇಳದೆ ಅಭಿಪ್ರಾಯ ಕೊಡುವ ಅವಕಾಶ ಕೊಟ್ಟರು. ಅವರಲ್ಲಿ ಕೆಲಸ ಬಿಡುವುದು, ರಜೆ ಹಾಕುವುದು ಕಡಿಮೆಯಾಯಿತು. ಇದನ್ನು ಕೇಳಿದ ಒಬ್ಬ ಮ್ಯಾನೇಜರ್ ‘ಹಾಗಾದರೆ ಕೇಳಿದರೆ ಸಾಕಲ್ಲ ಮೇಡಂ’ ಅಂದರು. ಸಾಲದು. ನೋವನ್ನು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ, ಬಾಡಿಗೆ ಹಗುರಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ನಾನು ಮ್ಯಾನೇಜ್‌ಮೆಂಟ್‌ಗೆ ಒಂದು ಪುಟದ ವರದಿ ಕೊಡುತ್ತೇನೆ. ಟೋಕನ್, ನೀರು, ಬಸ್ಸು, ಬೈಗುಳ ಎಲ್ಲ ಅದರಲ್ಲಿ ಇರುತ್ತದೆ. ಹೆಣ್ಣುಮಕ್ಕಳು ಸಂಬಳದ ಬಗ್ಗೆ ಹೇಳಿದ್ದನ್ನು ಮಾತ್ರ ಅವರ ಮಾತಿನಲ್ಲೇ, ಮೊದಲ ಸಾಲಿಗೇ ಬರೆಯುತ್ತೇನೆ.